ಬೆಳಕನ್ನು ಬೆಳೆಸುವ ಗಾಜಿನ ಎಳೆ

ಮುಂಬಯಿ ಹಾಗೂ ಚೆನ್ನೈ ನಗರಗಳ ಕಡಲತೀರದಲ್ಲಿ ಸಮುದ್ರದಾಳದಿಂದ ಮೇಲೆ ಬರುವ ಕೇಬಲ್ಲುಗಳು ಭಾರತವನ್ನು ಹೊರಜಗತ್ತಿನೊಡನೆ ಬೆಸೆದಿವೆ. ದೂರವಾಣಿಯ ಮಾತುಕತೆ, ಬ್ಯಾಂಕುಗಳ ಹಣ ವರ್ಗಾವಣೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗುವ ವೈದ್ಯಕೀಯ ಚಿತ್ರಗಳು, ಇವೆಲ್ಲವೂ ಬೆಳಕಿನ ಮಿಡಿತಗಳಾಗಿ ಮಾರ್ಪಟ್ಟು ಆ ಕೇಬಲ್ಲುಗಳೊಳಗಿನ ಗಾಜಿನ ಎಳೆಗಳಲ್ಲಿ ಹರಿಯುತ್ತವೆ. ತಲೆಗೂದಲಿನಷ್ಟು ತೆಳುವಾದ ಈ ಎಳೆಗೆ ದ್ಯುತಿ ತಂತು ಎಂದು ಹೆಸರು. ಜನಸಾಮಾನ್ಯರಲ್ಲಿ ಆಪ್ಟಿಕಲ್ ಫೈಬರ್ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ.

ಗಾಜು ಎಷ್ಟೇ ಶುದ್ಧವಾಗಿದ್ದರೂ ಅದರಲ್ಲಿ ಸಾಗುವ ಬೆಳಕು ಕ್ರಮೇಣ ಕ್ಷೀಣಿಸುತ್ತದೆ. ಸಂಪರ್ಕ ವ್ಯವಸ್ಥೆಯಲ್ಲಿ ಬಳಸುವ 1,550 ನ್ಯಾನೊಮೀಟರ್ ತರಂಗದೂರದ ಬೆಳಕು ಉತ್ತಮ ತಂತುವಿನಲ್ಲಿ ಪ್ರತಿ ಕಿಲೊಮೀಟರಿಗೆ ಶೇಕಡಾ ನಾಲ್ಕೂವರೆಯಷ್ಟು ನಷ್ಟವಾಗುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ 100 ಕಿಲೊಮೀಟರ್ ದೂರ ಕ್ರಮಿಸುವಷ್ಟರಲ್ಲಿ ಉಳಿಯುವುದು ನೂರರಲ್ಲಿ ಒಂದು ಪಾಲು ಮಾತ್ರ. 1,000 ಕಿಲೊಮೀಟರ್ ದೂರದ ಸ್ಥಿತಿಯಂತೂ ಊಹೆಗೆ ನಿಲುಕದು. ಈ ತುದಿಯಲ್ಲಿ ಒಂದು ಮಿಲಿವ್ಯಾಟ್ ಬೆಳಕನ್ನು ಸತತವಾಗಿ ಹರಿಸಿದರೆ ಆ ತುದಿಯನ್ನು ತಲುಪುವುದು ಸರಾಸರಿ ಮೂರೂವರೆ ಗಂಟೆಗೆ ಒಂದೇ ಒಂದು ಬೆಳಕಿನ ಕಣ. 2020ರ ಆಗಸ್ಟ್ 10ರಂದು ಉದ್ಘಾಟನೆಗೊಂಡ ಚೆನ್ನೈ–ಅಂಡಮಾನ್ ನಿಕೋಬಾರ್ ಸಾಗರ ಕೇಬಲ್ಲಿನ ಒಟ್ಟು ಉದ್ದ ಸುಮಾರು 2,300 ಕಿಲೊಮೀಟರ್. ದಾರಿಯಲ್ಲಿ ಅಲ್ಲಲ್ಲಿ ಬೆಳಕಿಗೆ ಮರಳಿ ಬಲ ತುಂಬದಿದ್ದರೆ ಇಂತಹ ಸಂಪರ್ಕ ಅಸಾಧ್ಯ.

ಈ ಬಲವನ್ನು ತುಂಬುವುದೂ ಒಂದು ದ್ಯುತಿ ತಂತುವೇ. ಆದರೆ ಅದು ಬೇರೆ ಜಾತಿಯದು. ಬೆಳಕನ್ನು ಸಾಗಿಸುವ ತಂತು ಬೆಳಕಿಗೆ ಏನನ್ನೂ ಮಾಡದಿರುವುದೇ ಅದರ ಹಿರಿಮೆ. ಬೆಳಕನ್ನು ಬೆಳೆಸುವ ತಂತುವಾದರೋ ಬೆಳಕಿನೊಡನೆ ವ್ಯವಹರಿಸಲೇಬೇಕು. ಆದುದರಿಂದ ಮೊದಲನೆಯದನ್ನು ಸಾವಿರಾರು ಕಿಲೊಮೀಟರ್ ಒಂದೇ ಅಳತೆಯಲ್ಲಿ ಎಳೆಯಬಹುದು. ಎರಡನೆಯದನ್ನು ಮಾತ್ರ ಒಂದೊಂದು ಕೆಲಸಕ್ಕೂ ಬೇರೆ ಬೇರೆಯಾಗಿ ರೂಪಿಸಬೇಕಾಗುತ್ತದೆ. ಹೀಗೆ ರೂಪಿಸುವಾಗ ಒಂದು ಗುಣವನ್ನು ಹೆಚ್ಚಿಸಿದರೆ ಮತ್ತೊಂದು ಕುಂದುತ್ತದೆ. ಇವುಗಳ ನಡುವೆ ಹದವನ್ನು ಕಂಡುಕೊಳ್ಳುವುದೇ ವಿಶೇಷ ದ್ಯುತಿ ತಂತುಗಳ ವಿನ್ಯಾಸ. ಇದರ ಮುಖ್ಯ ತತ್ತ್ವಗಳನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ದ್ಯುತಿ ತಂತುವಿನಲ್ಲಿ ಎರಡು ಭಾಗಗಳಿರುತ್ತವೆ. ನಡುವಿನದು ತಿರುಳು, ಅದನ್ನು ಆವರಿಸಿರುವುದು ಹೊದಿಕೆ. ತಿರುಳಿನ ವಕ್ರೀಭವನ ಸೂಚ್ಯಂಕ ಹೊದಿಕೆಯದಕ್ಕಿಂತ ಸ್ವಲ್ಪ ಹೆಚ್ಚಾಗಿರುವುದರಿಂದ ಒಳಹೊಕ್ಕ ಬೆಳಕು ಪೂರ್ಣ ಆಂತರಿಕ ಪ್ರತಿಫಲನಕ್ಕೆ ಒಳಗಾಗಿ ತಿರುಳಿನಲ್ಲಿಯೇ ಮುಂದುವರಿಯುತ್ತದೆ. ಪಂಜಾಬಿನ ಮೋಗಾದಲ್ಲಿ ಜನಿಸಿದ ನರಿಂದರ್ ಸಿಂಗ್ ಕಪಾನಿ ಅವರು ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್‌ಕಿನ್ಸ್ ಅವರೊಡನೆ ಸಂಶೋಧನೆ ನಡೆಸಿ, ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು 1954ರಲ್ಲಿ ಪ್ರಕಟಿಸಿದರು. 1966ರಲ್ಲಿ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಅವರು, ಗಾಜಿನ ಕಲ್ಮಶಗಳನ್ನು ನಿವಾರಿಸಿದರೆ ಅದು ದೂರ ಸಂಪರ್ಕಕ್ಕೂ ಯೋಗ್ಯವಾದೀತೆಂದು ತೋರಿಸಿಕೊಟ್ಟರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯ ವಿಜ್ಞಾನಿಗಳು ಅಂತಹ ಗಾಜನ್ನು ತಯಾರಿಸಿದರು. ಈ ವಿಷಯದ ಸಾಧನೆಗಾಗಿ ಕಾವ್ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಬೆಳಕನ್ನು ಬೆಳೆಸುವ ತಂತುವಿನ ಚರಿತ್ರೆಯೂ ಬಹುಮಟ್ಟಿಗೆ ಇಷ್ಟೇ ಹಳೆಯದು. ಅಮೆರಿಕದ ಎಲಿಯಾಸ್ ಸ್ನಿಟ್ಜರ್ ಅವರು 1961ರಲ್ಲಿ ನಿಯೋಡಿಮಿಯಮ್ ಬೆರೆಸಿದ ಗಾಜಿನಿಂದ ಲೇಸರ್ ಬೆಳಕನ್ನು ಪಡೆದರು. 1964ರಲ್ಲಿ ಅವರೂ ಚಾರ್ಲ್ಸ್ ಕೋಸ್ಟರ್ ಅವರೂ ಅಂತಹ ತಂತುವನ್ನು ಮಿಂಚುದೀಪದ ಸುತ್ತ ಸುರುಳಿಯಾಗಿ ಸುತ್ತಿ, ಅದರಲ್ಲಿ ಬೆಳಕು ವರ್ಧಿಸುವುದನ್ನು ವರದಿ ಮಾಡಿದರು. ಆದರೆ ಅಂದು ಅದಕ್ಕೆ ತಕ್ಕ ಉಪಯೋಗವಿರಲಿಲ್ಲ. ಅನುಕೂಲವಾದ ಅರೆವಾಹಕ ಲೇಸರುಗಳೂ ಇನ್ನೂ ಬಂದಿರಲಿಲ್ಲ.

1988ರಲ್ಲಿ ಅಟ್ಲಾಂಟಿಕ್ ಸಾಗರದಡಿ ಮೊದಲ ದ್ಯುತಿ ತಂತು ಕೇಬಲ್ ಬಳಕೆಗೆ ಬಂದಾಗಲೂ ಬೆಳಕನ್ನು ನೇರವಾಗಿ ವರ್ಧಿಸುವ ಸಾಧನ ಅದರಲ್ಲಿರಲಿಲ್ಲ. ಕ್ಷೀಣಿಸಿದ ಬೆಳಕನ್ನು ದಾರಿಯುದ್ದಕ್ಕೂ ಮತ್ತೆ ಮತ್ತೆ ವಿದ್ಯುತ್ ಸಂಕೇತವಾಗಿ ಪರಿವರ್ತಿಸಿ, ತಿದ್ದಿ, ಹೊಸದಾಗಿ ಬೆಳಕನ್ನು ಉತ್ಪಾದಿಸಬೇಕಾಗಿತ್ತು. ಆ ಉಪಕರಣಗಳ ವೇಗ ಕೇಬಲ್ ಹಾಕಿದ ದಿನವೇ ನಿಗದಿಯಾಗಿಬಿಡುತ್ತಿತ್ತು. ಮುಂದೆ ಅದನ್ನು ಹೆಚ್ಚಿಸುವಂತಿರಲಿಲ್ಲ. ಈ ತೊಡಕನ್ನು ಬಿಡಿಸಿದ್ದು ಎರ್ಬಿಯಮ್ ಎಂಬ ಧಾತು.

ಬೆಳಕು ಬೆಳೆಯುವ ಬಗೆ

ಎರ್ಬಿಯಮ್, ಯಟರ್ಬಿಯಮ್, ಥುಲಿಯಮ್, ನಿಯೋಡಿಮಿಯಮ್ ಮುಂತಾದವು ವಿರಳ ಭಸ್ಮ ಧಾತುಗಳೆಂಬ ವರ್ಗಕ್ಕೆ ಸೇರಿದವು. ಇವುಗಳ ಅಯಾನುಗಳು ಒಂದು ತರಂಗದೂರದ ಬೆಳಕನ್ನು ಹೀರಿ ಉದ್ರಿಕ್ತ ಸ್ಥಿತಿಗೆ ಏರುತ್ತವೆ. ಎರ್ಬಿಯಮ್ ಅಯಾನು ಗಾಜಿನಲ್ಲಿ ಸುಮಾರು 10 ಮಿಲಿಸೆಕೆಂಡುಗಳ ಕಾಲ ಆ ಸ್ಥಿತಿಯಲ್ಲಿ ಉಳಿಯುತ್ತದೆ. ಪರಮಾಣುಗಳ ಜಗತ್ತಿನಲ್ಲಿ ಇದು ಸುದೀರ್ಘ ಅವಧಿ. ಅಷ್ಟರಲ್ಲಿ 1,550 ನ್ಯಾನೊಮೀಟರಿನ ಸಂಕೇತದ ಬೆಳಕು ಹಾದುಹೋದರೆ ಅಯಾನು ತನ್ನ ಶಕ್ತಿಯನ್ನು ಅದೇ ತರಂಗದೂರದ, ಅದೇ ದಿಕ್ಕಿನ ಬೆಳಕಾಗಿ ಬಿಟ್ಟುಕೊಡುತ್ತದೆ. ಇದೇ ಪ್ರಚೋದಿತ ಉತ್ಸರ್ಜನೆ. ಒಂದು ಫೋಟಾನ್ ಎರಡಾಗಿ, ಎರಡು ನಾಲ್ಕಾಗಿ, ಕೆಲವು ಮೀಟರುಗಳಲ್ಲಿಯೇ ಬೆಳಕು ನೂರಾರು ಪಟ್ಟು ಬೆಳೆಯುತ್ತದೆ. ಅಯಾನುಗಳನ್ನು ಉದ್ರಿಕ್ತಗೊಳಿಸಲು ಅರೆವಾಹಕ ಲೇಸರಿನಿಂದ ಹರಿಸುವ ಬೆಳಕಿಗೆ ಪಂಪ್ ಬೆಳಕು ಎನ್ನುತ್ತಾರೆ. ತಂತುವಿನ ಎರಡು ತುದಿಗಳಲ್ಲಿ ಬೆಳಕನ್ನು ಹಿಂದಿರುಗಿಸುವ ಪ್ರತಿಫಲಕಗಳನ್ನು ಅಳವಡಿಸಿದರೆ ಇದೇ ವರ್ಧಕವು ಲೇಸರ್ ಆಗುತ್ತದೆ.

ಎರ್ಬಿಯಮ್ಮಿನ ಉತ್ಸರ್ಜನೆಯು, ಗಾಜಿನಲ್ಲಿ ಬೆಳಕಿನ ನಷ್ಟ ಅತ್ಯಂತ ಕಡಿಮೆಯಿರುವ ತರಂಗದೂರದಲ್ಲಿಯೇ ಬರುವುದು ಪ್ರಕೃತಿ ಒದಗಿಸಿದ ಸುಯೋಗ. 1987ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಪೇಯ್ನ್ ಮತ್ತು ಅವರ ಸಂಗಡಿಗರು, ಅದೇ ವರ್ಷ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಎಮಾನ್ಯುಯೆಲ್ ಡೆಸರ್ವಿರ್ ಮತ್ತು ಅವರ ಸಂಗಡಿಗರು ಎರ್ಬಿಯಮ್ ತಂತು ವರ್ಧಕವನ್ನು ಸಿದ್ಧಪಡಿಸಿದರು. ಒಂಬತ್ತೇ ವರ್ಷಗಳಲ್ಲಿ, ಅಂದರೆ 1996ರ ಹೊತ್ತಿಗೆ, ಅಟ್ಲಾಂಟಿಕ್ ಸಾಗರದಡಿಯ ಹೊಸ ಕೇಬಲ್ಲುಗಳು ಈ ವರ್ಧಕಗಳಿಂದಲೇ ಕೆಲಸ ಮಾಡತೊಡಗಿದವು. ಹತ್ತಾರು ಬೇರೆ ಬೇರೆ ತರಂಗದೂರಗಳ ಸಂಕೇತಗಳನ್ನು ಒಂದೇ ವರ್ಧಕವು ಏಕಕಾಲಕ್ಕೆ ಬೆಳೆಸಬಲ್ಲದು. ಹೀಗಾಗಿ ಕಡಲಡಿಯ ಉಪಕರಣವನ್ನು ಮುಟ್ಟದೆಯೇ ದಡದ ಉಪಕರಣಗಳನ್ನು ಮಾತ್ರ ಬದಲಾಯಿಸಿ ಕೇಬಲ್ಲಿನ ಸಾಮರ್ಥ್ಯವನ್ನು ಹೆಚ್ಚಿಸಲು ಸಾಧ್ಯವಾಯಿತು.

ವರ್ಧಕ ತಂತುವಿನ ವಿನ್ಯಾಸ

ಎರ್ಬಿಯಮ್ಮಿಗೆ ಒಂದು ದೋಷವಿದೆ. ಉದ್ರಿಕ್ತವಾಗದೆ ಉಳಿದ ಎರ್ಬಿಯಮ್ ಅಯಾನು ಸಂಕೇತದ ಬೆಳಕನ್ನು ಬೆಳೆಸುವ ಬದಲು ತಾನೇ ಹೀರಿಬಿಡುತ್ತದೆ. ಆದುದರಿಂದ ಸ್ಥೂಲವಾಗಿ ಅರ್ಧಕ್ಕಿಂತ ಹೆಚ್ಚು ಅಯಾನುಗಳು ಸದಾ ಉದ್ರಿಕ್ತವಾಗಿರುವಂತೆ ನೋಡಿಕೊಳ್ಳಬೇಕು. ಇದಕ್ಕೆ ಪಂಪ್ ಬೆಳಕು ಸಾಂದ್ರವಾಗಿರಬೇಕು. ಸಮುದ್ರದ ತಳದಲ್ಲಿರುವ ವರ್ಧಕಕ್ಕೆ ವಿದ್ಯುತ್ತನ್ನು ದಡದಿಂದಲೇ ಕೇಬಲ್ಲಿನ ಲೋಹದ ವಾಹಕದ ಮೂಲಕ ಪೂರೈಸಬೇಕಾಗಿರುವುದರಿಂದ ಪಂಪ್ ಬೆಳಕನ್ನು ಧಾರಾಳವಾಗಿ ಬಳಸುವಂತಿಲ್ಲ. ಹೀಗಾಗಿ ತಿರುಳನ್ನೇ ಕಿರಿದುಗೊಳಿಸಬೇಕಾಗುತ್ತದೆ. ಸಾಮಾನ್ಯ ತಂತುವಿನ ತಿರುಳು 8–9 ಮೈಕ್ರಾನ್ ಇದ್ದರೆ ವರ್ಧಕ ತಂತುವಿನ ತಿರುಳು 3–4 ಮೈಕ್ರಾನ್ ಮಾತ್ರ. ಇಷ್ಟು ಕಿರಿದಾದ ತಿರುಳು ಬೆಳಕನ್ನು ಬಿಗಿಯಾಗಿ ಹಿಡಿದಿಡಬೇಕಾದರೆ ಸೂಚ್ಯಂಕದ ಅಂತರವನ್ನು ಹೆಚ್ಚಿಸಬೇಕು. ಹಾಗೆ ಮಾಡಿದಾಗ ಸಾಮಾನ್ಯ ತಂತುವಿನೊಡನೆ ಬೆಸುಗೆ ಹಾಕುವುದು ಕಠಿಣವಾಗುತ್ತದೆ. ಬೆಸೆಯುವ ಜಾಗವನ್ನು ಎಚ್ಚರದಿಂದ ಕಾಯಿಸಿ, ತಿರುಳಿನ ಜರ್ಮೇನಿಯಮ್ ತುಸು ಹೊರಕ್ಕೆ ಹರಡುವಂತೆ ಮಾಡಿ ಎರಡನ್ನೂ ಹೊಂದಿಸುತ್ತಾರೆ.

ಎರಡನೆಯ ಪ್ರಶ್ನೆ ಎರ್ಬಿಯಮ್ ಎಷ್ಟಿರಬೇಕೆಂಬುದು. ಹೆಚ್ಚು ಬೆರೆಸಿದಷ್ಟೂ ಹೆಚ್ಚು ವರ್ಧನೆ ದೊರೆಯಬೇಕಲ್ಲವೇ ಎಂದು ಅನ್ನಿಸಬಹುದು. ವಾಸ್ತವವಾಗಿ ಹಾಗಾಗುವುದಿಲ್ಲ. ಶುದ್ಧ ಸಿಲಿಕಾ ಗಾಜು ಈ ಅಯಾನುಗಳನ್ನು ಸುಲಭವಾಗಿ ಒಳಗೊಳ್ಳುವುದಿಲ್ಲ. ಅವು ಗುಂಪುಗೂಡುತ್ತವೆ. ಒತ್ತೊತ್ತಾಗಿರುವ ಎರಡು ಅಯಾನುಗಳಲ್ಲಿ ಒಂದು ತನ್ನ ಶಕ್ತಿಯನ್ನು ಪಕ್ಕದ್ದಕ್ಕೆ ಹಸ್ತಾಂತರಿಸುವುದರಿಂದ ಪಂಪ್ ಬೆಳಕು ವ್ಯರ್ಥವಾಗುತ್ತದೆ. ಅಲ್ಯೂಮಿನಿಯಮ್ಮನ್ನು ಜೊತೆಗೆ ಸೇರಿಸಿದರೆ ಅಯಾನುಗಳು ಚೆದುರಿ ನಿಲ್ಲುತ್ತವೆ. ವರ್ಧನೆಯು ಎಲ್ಲ ತರಂಗದೂರಗಳಿಗೂ ಹೆಚ್ಚು ಸಮನಾಗಿ ಹಂಚಿಕೆಯಾಗುತ್ತದೆ. ಸಾಮಾನ್ಯವಾಗಿ ಹತ್ತು ಲಕ್ಷ ಭಾಗಗಳಲ್ಲಿ ಕೆಲವು ನೂರು ಭಾಗಗಳಷ್ಟು ಎರ್ಬಿಯಮ್ ಸಾಕಾಗುತ್ತದೆ. 20 ಮೀಟರ್ ಉದ್ದದ ಒಂದು ವರ್ಧಕ ತಂತುವಿನಲ್ಲಿರುವ ಎರ್ಬಿಯಮ್ಮಿನ ಒಟ್ಟು ತೂಕ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಉದ್ದವನ್ನು ನಿರ್ಧರಿಸುವುದೂ ಹದ ಬಲ್ಲವರ ಕೆಲಸ. ತಂತು ಗಿಡ್ಡವಾದರೆ ಪಂಪ್ ಬೆಳಕು ಬಳಕೆಯಾಗದೆ ಹೊರಬೀಳುತ್ತದೆ. ಉದ್ದವಾದರೆ ಕೊನೆಯ ಭಾಗಕ್ಕೆ ಪಂಪ್ ಬೆಳಕು ತಲುಪದೆ, ಅಲ್ಲಿನ ಅಯಾನುಗಳು ಗಳಿಸಿದ ಸಂಕೇತವನ್ನೇ ನುಂಗುತ್ತವೆ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟದ ಸ್ಥಿತಿಗೆ ಇದನ್ನು ಹೋಲಿಸಬಹುದು.

ತಯಾರಿಕೆಯ ವಿಧಾನ

ಟೊಳ್ಳಾದ ಸಿಲಿಕಾ ಕೊಳವೆಯೊಂದನ್ನು ತಿರುಗಿಸುತ್ತಾ ಅದರೊಳಗೆ ಸಿಲಿಕಾನ್ ಹಾಗೂ ಜರ್ಮೇನಿಯಮ್ಮಿನ ಕ್ಲೋರೈಡ್ ಆವಿಗಳನ್ನು ಆಮ್ಲಜನಕದೊಡನೆ ಹರಿಸಿ, ಹೊರಗಿನಿಂದ ಜ್ವಾಲೆಯಿಂದ ಕಾಯಿಸುತ್ತಾರೆ. ಆಗ ಕೊಳವೆಯ ಒಳಮೈಯಲ್ಲಿ ಗಾಜಿನ ನವಿರಾದ ಪುಡಿ ಪದರ ಪದರವಾಗಿ ಕೂರುತ್ತದೆ. ಬೆಲ್ ಪ್ರಯೋಗಾಲಯದಲ್ಲಿ 1974ರಲ್ಲಿ ರೂಪುಗೊಂಡ ವಿಧಾನವಿದು. ವಿರಳ ಭಸ್ಮ ಧಾತುಗಳ ಕ್ಲೋರೈಡುಗಳು ಸುಲಭವಾಗಿ ಆವಿಯಾಗುವುದಿಲ್ಲವಾದ್ದರಿಂದ ಅವನ್ನು ಇದೇ ರೀತಿಯಲ್ಲಿ ಒಳಗೆ ಕಳುಹಿಸುವುದು ಕಷ್ಟ. ಸೌತಾಂಪ್ಟನ್ನಿನ ವಿಜ್ಞಾನಿಗಳು ಇದಕ್ಕೆ ಸರಳವಾದ ಉಪಾಯವನ್ನು ಕಂಡುಕೊಂಡರು. ತಿರುಳಿನ ಪದರವನ್ನು ಪೂರ್ತಿ ಕರಗಿಸದೆ ಸ್ಪಂಜಿನಂತೆ ಉಳಿಸಿಕೊಂಡು, ಅದನ್ನು ಎರ್ಬಿಯಮ್ ಮತ್ತು ಅಲ್ಯೂಮಿನಿಯಮ್ ಲವಣಗಳ ದ್ರಾವಣದಲ್ಲಿ ನೆನೆಸಿದರು. ಅನಂತರ ಕ್ಲೋರಿನ್ ಅನಿಲದಲ್ಲಿ ಒಣಗಿಸಿ ನೀರಿನ ಅಂಶವನ್ನು ತೊಲಗಿಸಿ, ಕರಗಿಸಿ, ಗಟ್ಟಿ ದಂಡವನ್ನಾಗಿ ಮಾಡಿದರು. ಆ ದಂಡವನ್ನು ಸುಮಾರು 2,000 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಕುಲುಮೆಯಲ್ಲಿ ಮೃದುಗೊಳಿಸಿ ಎಳೆದರೆ 125 ಮೈಕ್ರಾನ್ ದಪ್ಪದ ತಂತು ದೊರೆಯುತ್ತದೆ. ದಂಡದಲ್ಲಿ ಉಳಿದ ದೋಷವನ್ನು ಮುಂದಿನ ಹಂತದಲ್ಲಿ ತಿದ್ದಲು ಬರುವುದಿಲ್ಲ.

ಎರಡು ಹೊದಿಕೆಯ ತಂತು

ಸಂಪರ್ಕ ವರ್ಧಕಗಳಲ್ಲಿ ಪ್ರಶ್ನೆ ಮಿಲಿವ್ಯಾಟುಗಳದು. ಕಾರ್ಖಾನೆಗಳಲ್ಲಿ ಉಕ್ಕಿನ ಹಾಳೆಯನ್ನು ಕತ್ತರಿಸುವ, ಬೆಸೆಯುವ ಲೇಸರುಗಳಿಗೆ ಸಾವಿರಾರು ವ್ಯಾಟುಗಳು ಬೇಕು. ಹೆಚ್ಚು ಶಕ್ತಿಯ ಅರೆವಾಹಕ ಲೇಸರುಗಳ ಬೆಳಕು ಅಂಕೆಯಿಲ್ಲದೆ ಹರಡುವಂಥದು. ಅದನ್ನು ಕೂದಲೆಳೆಗಿಂತ ಕಿರಿದಾದ ತಿರುಳಿನೊಳಗೆ ತುಂಬಲಾಗದು. 1988ರಲ್ಲಿ ಸ್ನಿಟ್ಜರ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ ಎರಡು ಹೊದಿಕೆಯ ತಂತು ಇದಕ್ಕೆ ಪರಿಹಾರವಾಯಿತು. ಇದರಲ್ಲಿ ತಿರುಳಿನ ಸುತ್ತ ಅಗಲವಾದ ಒಳಹೊದಿಕೆ, ಅದರ ಸುತ್ತ ಇನ್ನೂ ಕಡಿಮೆ ಸೂಚ್ಯಂಕದ ಹೊರಹೊದಿಕೆ ಇರುತ್ತವೆ. ಪಂಪ್ ಬೆಳಕನ್ನು ಒಳಹೊದಿಕೆಗೆ ತುಂಬಿದರೆ ಅದು ಸಾಗುತ್ತಾ ಮತ್ತೆ ಮತ್ತೆ ತಿರುಳನ್ನು ಹಾಯುತ್ತದೆ, ಪ್ರತಿಬಾರಿಯೂ ಸ್ವಲ್ಪ ಸ್ವಲ್ಪವಾಗಿ ಹೀರಲ್ಪಡುತ್ತದೆ. ಹರಡಿದ ಒರಟು ಬೆಳಕು ಒಳಗೆ ಹೋಗಿ, ತಿರುಳಿನಿಂದ ಏಕಾಗ್ರವಾದ ಲೇಸರ್ ಬೆಳಕು ಹೊರಬರುತ್ತದೆ.

ಇಲ್ಲಿಯೂ ಬೆಲೆ ತೆರಬೇಕು. 400 ಮೈಕ್ರಾನ್ ಒಳಹೊದಿಕೆಯಲ್ಲಿ 20 ಮೈಕ್ರಾನ್ ತಿರುಳಿದ್ದರೆ ತಿರುಳಿನ ವಿಸ್ತೀರ್ಣ ಒಟ್ಟಿನಲ್ಲಿ ನಾನೂರರ ಒಂದು ಭಾಗ. ಪಂಪ್ ಬೆಳಕು ಅಷ್ಟೇ ನಿಧಾನವಾಗಿ ಹೀರಲ್ಪಡುವುದರಿಂದ ತಂತು ಉದ್ದವಾಗಬೇಕಾಗುತ್ತದೆ. ಒಳಹೊದಿಕೆ ಪೂರ್ಣ ವೃತ್ತಾಕಾರವಾಗಿದ್ದರೆ ಅನೇಕ ಕಿರಣಗಳು ತಿರುಳನ್ನು ಮುಟ್ಟದೆ, ದೇವಾಲಯದ ಪ್ರದಕ್ಷಿಣೆಯಂತೆ ಸುತ್ತುತ್ತಲೇ ಸಾಗಿಬಿಡುತ್ತವೆ. ಆದುದರಿಂದ ದಂಡದ ಪಾರ್ಶ್ವಗಳನ್ನು ಉಜ್ಜಿ ಅಷ್ಟಭುಜಾಕೃತಿಯನ್ನೋ ಒಂದು ಪಕ್ಕ ಚಪ್ಪಟೆಯಾದ ಆಕೃತಿಯನ್ನೋ ಕೊಡುತ್ತಾರೆ. ಆಗ ಕಿರಣಗಳು ದಾರಿ ತಪ್ಪಿ ತಿರುಳಿಗೆ ಬೀಳುತ್ತವೆ.

ಈ ಲೇಸರುಗಳಿಗೆ ಯಟರ್ಬಿಯಮ್ ಅತ್ಯಂತ ಯೋಗ್ಯವಾದುದು. 976 ನ್ಯಾನೊಮೀಟರಿನ ಬೆಳಕನ್ನು ಹೀರಿ ಸುಮಾರು 1,070 ನ್ಯಾನೊಮೀಟರಿನ ಬೆಳಕನ್ನು ನೀಡುವಾಗ ತರಂಗದೂರದ ಈ ವ್ಯತ್ಯಾಸದಿಂದ ಶಾಖವಾಗಿ ಹೋಗುವುದು ಶೇಕಡಾ 9ರಷ್ಟು ಮಾತ್ರ. ತಂತು ತೆಳುವೂ ನೀಳವೂ ಆಗಿರುವುದರಿಂದ ಆ ಶಾಖವೂ ಬೇಗ ಹೊರಹೋಗುತ್ತದೆ. 2004ರಲ್ಲಿ ಸೌತಾಂಪ್ಟನ್ನಿನ ತಂಡವೊಂದು ಒಂದೇ ಎಳೆಯಿಂದ 1.36 ಕಿಲೊವ್ಯಾಟ್ ಲೇಸರ್ ಬೆಳಕನ್ನು ಪಡೆಯಿತು.

ಶಕ್ತಿಯ ಎಲ್ಲೆ

ಒಂದು ಕಿಲೊವ್ಯಾಟ್ ಬೆಳಕು 20 ಮೈಕ್ರಾನ್ ತಿರುಳಿನಲ್ಲಿ ಸಾಗುವಾಗ ಅದರ ಸಾಂದ್ರತೆ ಚದರ ಮಿಲಿಮೀಟರಿಗೆ 30 ಲಕ್ಷ ವ್ಯಾಟುಗಳನ್ನು ಮೀರುತ್ತದೆ. ಇಷ್ಟು ತೀವ್ರವಾದ ಬೆಳಕಿಗೆ ಗಾಜು ನಿರ್ಲಿಪ್ತವಾಗಿ ಉಳಿಯುವುದಿಲ್ಲ. ಸರ್ ಸಿ. ವಿ. ರಾಮನ್ ಅವರು 1928ರ ಫೆಬ್ರುವರಿ 28ರಂದು ಕಲ್ಕತ್ತೆಯಲ್ಲಿ ಕಂಡುಹಿಡಿದ ರಾಮನ್ ಪರಿಣಾಮ ಇಲ್ಲಿ ಪ್ರಬಲ ರೂಪವನ್ನು ತಾಳುತ್ತದೆ. ಗಾಜಿನ ಅಣುಗಳ ಕಂಪನದಿಂದ 1,064 ನ್ಯಾನೊಮೀಟರಿನ ಬೆಳಕು ಸುಮಾರು 1,120 ನ್ಯಾನೊಮೀಟರಿನ ಬೆಳಕಾಗಿ ಬದಲಾಗಿ, ಶಕ್ತಿಯೆಲ್ಲ ಬೇಡದ ತರಂಗದೂರಕ್ಕೆ ಹರಿದುಹೋಗಬಹುದು. ಇದನ್ನು ತಡೆಯಲು ತಿರುಳನ್ನು ಹಿಗ್ಗಿಸಬೇಕು, ತಂತುವನ್ನು ಕುಗ್ಗಿಸಬೇಕು.

ತಿರುಳನ್ನು ಮನಬಂದಂತೆ ಹಿಗ್ಗಿಸಲೂ ಆಗದು. ತಿರುಳು ದೊಡ್ಡದಾದಂತೆ ಬೆಳಕು ಒಂದಕ್ಕಿಂತ ಹೆಚ್ಚು ವಿನ್ಯಾಸಗಳಲ್ಲಿ ಹಂಚಿಕೊಂಡು ಸಾಗುತ್ತದೆ. ಇವಕ್ಕೆ ಮೋಡ್‌ಗಳೆಂದು ಹೆಸರು. ಒಂದೇ ಮೋಡ್ ಇದ್ದಾಗ ಮಾತ್ರ ಲೇಸರ್ ಕಿರಣವನ್ನು ಅತಿ ಸಣ್ಣ ಬಿಂದುವಿನ ಮೇಲೆ ಕೇಂದ್ರೀಕರಿಸಬಹುದು. ತಿರುಳು–ಹೊದಿಕೆಗಳ ಸೂಚ್ಯಂಕದ ಅಂತರ 0.007ರಷ್ಟಿದ್ದರೆ 1,060 ನ್ಯಾನೊಮೀಟರಿನಲ್ಲಿ ಒಂದೇ ಮೋಡ್ ಉಳಿಯಲು ತಿರುಳು ಸುಮಾರು 6 ಮೈಕ್ರಾನ್ ಮೀರಬಾರದು. ಅಂತರವನ್ನು 0.0012ಕ್ಕೆ ಇಳಿಸಿದರೆ ತಿರುಳು ಸುಮಾರು 13 ಮೈಕ್ರಾನ್ ಆಗಬಹುದು. ಆದರೆ ಯಟರ್ಬಿಯಮ್ಮೂ ಅಲ್ಯೂಮಿನಿಯಮ್ಮೂ ಸೂಚ್ಯಂಕವನ್ನು ಏರಿಸುವ ವಸ್ತುಗಳು. ಅವನ್ನು ಬೇಕಾದಷ್ಟು ಬೆರೆಸಿಯೂ ದಶಮಾಂಶದ ನಾಲ್ಕನೆಯ ಸ್ಥಾನದವರೆಗೆ ಸೂಚ್ಯಂಕವನ್ನು ಹಿಡಿತದಲ್ಲಿಡುವುದು ತಯಾರಕರ ಕೌಶಲಕ್ಕೆ ಸವಾಲು. ಅಂತರ ಕಡಿಮೆಯಾದ ತಂತು ಬಾಗಿದೊಡನೆ ಬೆಳಕನ್ನು ಸೋರಗೊಡುತ್ತದೆ. ಈ ದೋಷವನ್ನೇ ಗುಣವಾಗಿ ಬಳಸಿಕೊಳ್ಳುವ ವಿಧಾನವನ್ನು 2000ದಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ತಂತುವನ್ನು ತಕ್ಕ ವ್ಯಾಸದ ಸುರುಳಿಯಾಗಿ ಸುತ್ತಿದರೆ ಬೇಡದ ಮೋಡ್‌ಗಳು ಮೊದಲು ಸೋರಿಹೋಗಿ, ಬೇಕಾದುದು ಮಾತ್ರ ಉಳಿಯುತ್ತದೆ. 1996ರಲ್ಲಿ ಫಿಲಿಪ್ ರಸೆಲ್ ಮತ್ತು ಅವರ ಸಂಗಡಿಗರು ಸೂಕ್ಷ್ಮ ರಂಧ್ರಗಳ ಸಾಲಿನಿಂದ ಬೆಳಕನ್ನು ಹಿಡಿದಿಡುವ ತಂತುವನ್ನು ಪ್ರಕಟಿಸಿದ ಮೇಲೆ ಮತ್ತೊಂದು ಮಾರ್ಗವೂ ತೆರೆಯಿತು.

ಇವಲ್ಲದೆ ದೀರ್ಘಕಾಲದ ಬಳಕೆಯಿಂದ ಯಟರ್ಬಿಯಮ್ ಗಾಜು ಕ್ರಮೇಣ ಕಪ್ಪಾಗುವ ತೊಂದರೆಯಿದೆ. ರಂಜಕ ಅಥವಾ ಸೀರಿಯಮ್ ಸೇರಿಸಿ ಇದನ್ನು ತಗ್ಗಿಸುತ್ತಾರೆ.

ಒಂದು ಕಡೆ ತೊಡಕಾದುದು ಮತ್ತೊಂದು ಕಡೆ ಸಾಧನವಾಗುವುದು ಈ ಕ್ಷೇತ್ರದ ವೈಶಿಷ್ಟ್ಯ. ಲೇಸರಿನ ಶಕ್ತಿಯನ್ನು ಕದಿಯುವ ರಾಮನ್ ಪರಿಣಾಮವೇ ಸಂಪರ್ಕ ಕೇಬಲ್ಲುಗಳಲ್ಲಿ ವರ್ಧಕವಾಗಿ ದುಡಿಯುತ್ತದೆ. ಸಾಧಾರಣ ತಂತುವಿಗೆ 1,450 ನ್ಯಾನೊಮೀಟರಿನ ಬೆಳಕನ್ನು ಹರಿಸಿದರೆ 1,550 ನ್ಯಾನೊಮೀಟರಿನ ಸಂಕೇತ ದಾರಿಯಲ್ಲಿಯೇ ಬಲಗೊಳ್ಳುತ್ತದೆ. 1933ರಿಂದ ಬೆಂಗಳೂರನ್ನು ಕರ್ಮಭೂಮಿಯಾಗಿಸಿಕೊಂಡಿದ್ದ ರಾಮನ್ ಅವರ ಶೋಧನೆ ಹೀಗೆ ದೂರ ಸಂಪರ್ಕದ ಕೇಬಲ್ಲುಗಳಲ್ಲಿ ಜೀವಂತವಾಗಿದೆ.

ಥುಲಿಯಮ್ಮಿನ ವಿಷಯವೂ ಇಂಥದೇ. ಎರ್ಬಿಯಮ್ ಅಯಾನುಗಳು ಒತ್ತಾಗಿ ನಿಂತರೆ ನಷ್ಟ. ಥುಲಿಯಮ್ ಅಯಾನುಗಳು ಒತ್ತಾಗಿ ನಿಂತರೆ ಲಾಭ. 793 ನ್ಯಾನೊಮೀಟರಿನ ಒಂದು ಫೋಟಾನನ್ನು ಹೀರಿದ ಅಯಾನು ನೆರೆಯ ಅಯಾನಿನೊಡನೆ ಶಕ್ತಿಯನ್ನು ಹಂಚಿಕೊಂಡು ಎರಡೂ ಉದ್ರಿಕ್ತವಾಗುತ್ತವೆ. ಒಂದು ಫೋಟಾನಿಗೆ ಪ್ರತಿಯಾಗಿ ಎರಡು ದೊರೆಯುತ್ತವೆ. ಹೀಗೆ ಹುಟ್ಟುವ 1,940 ನ್ಯಾನೊಮೀಟರಿನ ಬೆಳಕನ್ನು ನೀರು ಬಲವಾಗಿ ಹೀರುವುದರಿಂದ, ಮೂತ್ರಪಿಂಡದ ಕಲ್ಲುಗಳನ್ನು ಪುಡಿಮಾಡುವ ಚಿಕಿತ್ಸೆಯಲ್ಲಿ ಈ ಲೇಸರ್ ಭಾರತದ ಆಸ್ಪತ್ರೆಗಳಲ್ಲಿಯೂ ಬಳಕೆಗೆ ಬಂದಿದೆ. ಬಳುಕುವ ತೆಳು ತಂತುವಿನ ಮೂಲಕ ಬೆಳಕು ನೇರವಾಗಿ ಕಲ್ಲನ್ನು ತಲುಪುತ್ತದೆ.

ನಮ್ಮ ದೇಶದಲ್ಲಿ

ಕೋಲ್ಕತ್ತದ ಕೇಂದ್ರೀಯ ಗಾಜು ಮತ್ತು ಪಿಂಗಾಣಿ ಸಂಶೋಧನಾ ಸಂಸ್ಥೆಯಲ್ಲಿ ಎರ್ಬಿಯಮ್, ಯಟರ್ಬಿಯಮ್ ಮುಂತಾದವನ್ನು ಬೆರೆಸಿದ ತಂತುಗಳ ತಯಾರಿಕೆ ನಡೆದಿದೆ. ಇಂದೂರಿನ ರಾಜಾ ರಾಮಣ್ಣ ಉನ್ನತ ತಂತ್ರಜ್ಞಾನ ಕೇಂದ್ರ ತಂತು ಲೇಸರುಗಳನ್ನು ಅಭಿವೃದ್ಧಿಪಡಿಸಿದೆ. ಕರ್ನಾಟಕದ ತುಮಕೂರಿನಲ್ಲಿ ಜನಿಸಿದ ಪರಮಾಣು ವಿಜ್ಞಾನಿಯ ಹೆಸರನ್ನು ಆ ಕೇಂದ್ರಕ್ಕೆ ಇಡಲಾಗಿದೆ. ದೆಹಲಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಅಜಯ್ ಘಾಟಕ್, ಕೆ. ತ್ಯಾಗರಾಜನ್ ಮೊದಲಾದ ಪ್ರಾಧ್ಯಾಪಕರು ಬೆಳೆಸಿದ ಪರಂಪರೆಯಿಂದ ತಂತುಗಳ ಸೈದ್ಧಾಂತಿಕ ವಿನ್ಯಾಸದಲ್ಲಿ ಪರಿಣತರಾದ ಪೀಳಿಗೆಯೊಂದು ಸಿದ್ಧವಾಯಿತು.

ಕೇರಳ, ತಮಿಳುನಾಡು, ಒಡಿಶಾ ರಾಜ್ಯಗಳ ಕಡಲತೀರದ ಮರಳಿನಲ್ಲಿ ಮೊನಾಜೈಟ್ ಖನಿಜ ದೊರೆಯುತ್ತದೆ. ಅದರಲ್ಲಿ ನಿಯೋಡಿಮಿಯಮ್ ಸಾಕಷ್ಟಿದ್ದರೂ ಎರ್ಬಿಯಮ್, ಯಟರ್ಬಿಯಮ್, ಥುಲಿಯಮ್ ತೀರಾ ಅಲ್ಪ. ಆದರೆ ಮೇಲೆ ಕಂಡಂತೆ ತಂತುವಿಗೆ ಬೇಕಾಗುವ ಪ್ರಮಾಣವೂ ಅತ್ಯಲ್ಪವೇ. ಇಲ್ಲಿ ನಿಜವಾಗಿ ವಿರಳವಾದುದು ಧಾತುವಲ್ಲ, ಅದನ್ನು ಗಾಜಿನಲ್ಲಿ ಯಾವ ಪ್ರಮಾಣದಲ್ಲಿ, ಯಾವ ಆಕಾರದಲ್ಲಿ, ಯಾವುದರ ಜೊತೆಗೂಡಿಸಿ ನಿಲ್ಲಿಸಬೇಕೆಂಬ ತಿಳಿವಳಿಕೆ. ಕಡಲಡಿಯ ಕೇಬಲ್ಲನ್ನು ಸಾಮಾನ್ಯವಾಗಿ 25 ವರ್ಷಗಳ ಬಾಳಿಕೆಗಾಗಿ ರೂಪಿಸುತ್ತಾರೆ. ಒಮ್ಮೆ ಇಳಿಸಿದ ವರ್ಧಕವನ್ನು ಮೇಲೆತ್ತಿ ದುರಸ್ತಿ ಮಾಡುವುದು ಬಹು ವೆಚ್ಚದ ಕಾರ್ಯ. ವಿನ್ಯಾಸದ ಮೇಜಿನ ಮೇಲೆ ಮಾಡಿದ ಆಯ್ಕೆ ಕಾಲು ಶತಮಾನದವರೆಗೆ ಒಂದು ದ್ವೀಪಸಮೂಹದ ಸಂಪರ್ಕವನ್ನು ಕಾಯಬೇಕಾಗುತ್ತದೆ.

ಕೊನೆಯದಾಗಿ ಸಾರ್ವಜನಿಕರು ಒಂದು ಎಚ್ಚರಿಕೆಯನ್ನು ನೆನಪಿಡಬೇಕು. ಈ ತಂತುಗಳಲ್ಲಿ ಹರಿಯುವ ಬೆಳಕು ಅವರಕ್ತ ಬೆಳಕು, ಕಣ್ಣಿಗೆ ಕಾಣದು. ರಸ್ತೆ ಅಗೆಯುವಾಗಲೋ ಮನೆಯ ಸಂಪರ್ಕದಲ್ಲಿಯೋ ತುಂಡಾದ ತಂತು ಕಂಡರೆ ಅದರ ತುದಿಯನ್ನು ಕಣ್ಣಿನ ಬಳಿ ಹಿಡಿದು ನೋಡಬಾರದು, ಚೂರುಗಳನ್ನು ಬರಿಗೈಯಲ್ಲಿ ಮುಟ್ಟಬಾರದು. ಸಂಬಂಧಪಟ್ಟ ದೂರಸಂಪರ್ಕ ಸಿಬ್ಬಂದಿಗೆ ತಿಳಿಸುವುದು ಕ್ಷೇಮಕರ.